ಇಟಲಿಯ ಕವಚದಲ್ಲಿ ಎಡಭುಜ ಏಕೆ ದೊಡ್ಡದು?

ಪ್ರಶ್ನೆ: ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಚಿತ್ರಿಸಿದ, ಈಗ ಮಿಲಾನಿನ ಬ್ರೆರಾ ಸಂಗ್ರಹಾಲಯದಲ್ಲಿರುವ ಫಲಕದಲ್ಲಿ ಉರ್ಬಿನೊದ ಒಡೆಯ ಫೆದೆರಿಕೊ ದ ಮೊಂತೆಫೆಲ್ತ್ರೊ ಉಕ್ಕಿನ ಕವಚ ತೊಟ್ಟು ಮಂಡಿಯೂರಿದ್ದಾನೆ. ಅದನ್ನು ಕಂಡ ಮೇಲೆ 15ನೆಯ ಶತಮಾನದ ಇಟಲಿಯ ಕವಚಗಳ ಛಾಯಾಚಿತ್ರಗಳನ್ನು ಹುಡುಕಿ ನೋಡಿದೆ. ಬಹುತೇಕ ಎಲ್ಲದರಲ್ಲೂ ಎಡಭುಜದ ಲೋಹ ಬಲಭುಜದ್ದಕ್ಕಿಂತ ದೊಡ್ಡದಾಗಿದೆ. ಇದು ಅಲಂಕಾರವೇ? ಇಂಥ ಕವಚ ಮಿಲಾನಿನಲ್ಲೇ ಏಕೆ ಬೆಳೆಯಿತು? ಅದನ್ನು ತೊಟ್ಟವನು ಬಿದ್ದರೆ ಮತ್ತೆ ಏಳಲಾರ ಎನ್ನುವುದು ನಿಜವೇ?

ಉತ್ತರ: ಅದು ಅಲಂಕಾರವಲ್ಲ. ತಾವು ಗಮನಿಸಿದ ಆ ಒಂದು ಅಸಮತೆಯಲ್ಲಿಯೇ ಇಟಲಿಯ ಕವಚದ ತರ್ಕವೆಲ್ಲ ಅಡಗಿದೆ. ಕುದುರೆಯ ಮೇಲಿನ ಯೋಧನು ಉದ್ದನೆಯ ಭರ್ಜಿಯನ್ನು ಬಲಗಂಕುಳಲ್ಲಿ ಅವುಚಿ, ಅದರ ಮೊನೆಯನ್ನು ಕುದುರೆಯ ಕತ್ತಿನ ಮೇಲಿಂದ ಓರೆಯಾಗಿ ಎಡಕ್ಕೆ ಚಾಚಿಕೊಂಡು ನುಗ್ಗುತ್ತಿದ್ದನು. ಎದುರಾಳಿಯೂ ಹಾಗೆಯೇ ಬರುತ್ತಿದ್ದುದರಿಂದ ಇಬ್ಬರ ಎಡಪಕ್ಕಗಳೂ ಪರಸ್ಪರ ಎದುರಾಗುತ್ತಿದ್ದವು, ಮತ್ತು ಪೆಟ್ಟಿನ ಬಹುಪಾಲು ಎಡಭುಜ, ಎಡಮೊಣಕೈ, ಎದೆಯ ಎಡಭಾಗಗಳಿಗೇ ಬೀಳುತ್ತಿತ್ತು. ಎಡಗೈಗೆ ಲಗಾಮು ಹಿಡಿಯುವುದಷ್ಟೇ ಕೆಲಸವಾದ್ದರಿಂದ ಅದು ಹೆಚ್ಚು ಚಲಿಸಬೇಕಾಗಿರಲಿಲ್ಲ. ಆದಕಾರಣ ಅಲ್ಲಿ ಎದೆಯ ಮೇಲೂ ಬೆನ್ನಿನ ಮೇಲೂ ಹರಡಿಕೊಳ್ಳುವ ಅಗಲವಾದ ಭುಜಫಲಕವನ್ನೂ, ಅದರ ಮೇಲೆ ಕಳಚಬಹುದಾದ ಇನ್ನೊಂದು ದಪ್ಪ ಫಲಕವನ್ನೂ, ಮೊಣಕೈಗೆ ದೊಡ್ಡ ರಕ್ಷೆಯನ್ನೂ ಇಡಲು ಅಡ್ಡಿಯಿರಲಿಲ್ಲ. ಬಲಗೈಯ ಪಾಡು ಬೇರೆ. ಅದು ಭರ್ಜಿಯನ್ನು ಎತ್ತಬೇಕು, ಇಳಿಸಬೇಕು, ಭರ್ಜಿ ಮುರಿದ ಮೇಲೆ ಕತ್ತಿಯನ್ನೋ ಗದೆಯನ್ನೋ ಬೀಸಬೇಕು. ಅದಕ್ಕಾಗಿ ಬಲಭುಜದ ಫಲಕವನ್ನು ಕಂಕುಳ ಬಳಿ ಬಾಗಿಸಿ ಕತ್ತರಿಸಿ ಭರ್ಜಿಗೆ ಜಾಗ ಬಿಡುತ್ತಿದ್ದರು.

ಎದೆಗವಚದ ಬಲಮಗ್ಗುಲಲ್ಲಿ ಚಾಚಿಕೊಂಡಿರುವ ಸಣ್ಣದೊಂದು ಕಬ್ಬಿಣದ ತೋಳನ್ನೂ ತಾವು ನೋಡಿರಬಹುದು. ಇಟಲಿಯವರು ಅದನ್ನು ರೆಸ್ತಾ ಎನ್ನುತ್ತಿದ್ದರು. 14ನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಳಕೆಗೆ ಬಂದ ಈ ಸಾಧನವನ್ನು ಭರ್ಜಿಯ ಭಾರ ಹೊರಲು ಮಾತ್ರ ಮಾಡಿದ್ದೆಂದು ಹಲವರು ತಿಳಿಯುತ್ತಾರೆ; ಅದರ ಮುಖ್ಯ ಕೆಲಸ ಬೇರೆಯೇ ಇದೆ. ಭರ್ಜಿಯ ಹಿಡಿಯ ಹಿಂದೆ ಒಂದು ಲೋಹದ ಬಳೆ ಇರುತ್ತಿತ್ತು. ಮೊನೆ ಗುರಿಗೆ ತಾಗಿ ಭರ್ಜಿ ಹಿಂದಕ್ಕೆ ಒತ್ತಿದಾಗ ಆ ಬಳೆ ರೆಸ್ತಾಕ್ಕೆ ಸಿಕ್ಕಿಕೊಂಡು, ಒತ್ತಡವು ಮಣಿಕಟ್ಟು ಮತ್ತು ಹಿಡಿಯ ಮೇಲೆ ಬೀಳದೆ ಇಡೀ ಎದೆಗವಚಕ್ಕೆ ವರ್ಗವಾಗುತ್ತಿತ್ತು. ಅಂದರೆ ಎದೆಗವಚವು ರಕ್ಷಣೆಯ ಸಾಧನವಾಗಿದ್ದಂತೆಯೇ ಆಕ್ರಮಣದ ಯಂತ್ರದ ಭಾಗವೂ ಆಯಿತು. ಗಟ್ಟಿಯಾದ, ಒಂದೇ ತುಂಡಿನಂತೆ ವರ್ತಿಸುವ ಎದೆಗವಚವಿಲ್ಲದೆ ರೆಸ್ತಾ ಇರಲು ಸಾಧ್ಯವಿಲ್ಲ. ಈ ಎರಡೂ ಒಟ್ಟಿಗೆ ಬೆಳೆದುವೆಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಬೆಳವಣಿಗೆ ಸುಲಭವಾಗಿ ತಿಳಿಯುತ್ತದೆ.

13ನೆಯ ಶತಮಾನದ ಯೋಧನ ಮುಖ್ಯ ರಕ್ಷೆ ಸಾವಿರಾರು ಕಬ್ಬಿಣದ ಉಂಗುರಗಳನ್ನು ಒಂದಕ್ಕೊಂದು ಕೋದು ರಿವೆಟ್ ಹೊಡೆದ ಸರಪಳಿ ಅಂಗಿ. ಕತ್ತಿಯ ಅಂಚನ್ನು ಅದು ಚೆನ್ನಾಗಿಯೇ ತಡೆಯುತ್ತಿತ್ತು. ಆದರೆ ಭರ್ಜಿಯ ಮೊನೆ ಮತ್ತು ಅಡ್ಡಬಿಲ್ಲಿನ ಬಾಣ ಉಂಗುರಗಳನ್ನು ಬಿರಿಸಿಕೊಂಡು ಒಳಹೋಗಬಲ್ಲವಾಗಿದ್ದವು, ಒಳಹೋಗದಿದ್ದರೂ ಪೆಟ್ಟಿನ ಆಘಾತ ಮೂಳೆಯನ್ನು ಮುರಿಯುತ್ತಿತ್ತು. ಆದ್ದರಿಂದ ಮೊದಲು ಮಂಡಿ, ಕೆಳಗಾಲು, ಮೊಣಕೈಗಳಿಗೆ ಬಿಡಿ ಫಲಕಗಳು ಬಂದವು. ಇಟಲಿಯಲ್ಲಿ ಇವುಗಳಲ್ಲಿ ಎಷ್ಟೋ ಭಾಗ ಬಿಸಿ ಉಪಚಾರದಿಂದ ಗಡುಸುಗೊಳಿಸಿ ಉಬ್ಬುಚಿತ್ರ ಮೂಡಿಸಿದ ಚರ್ಮದ್ದಾಗಿದ್ದವೆಂದು 14ನೆಯ ಶತಮಾನದ ಸಮಾಧಿಶಿಲ್ಪಗಳಿಂದ ತಿಳಿಯುತ್ತದೆ. ಎದೆಗೆ ಬಟ್ಟೆಯ ಅಥವಾ ಚರ್ಮದ ಅಂಗಿಯ ಒಳಮೈಗೆ ಕಬ್ಬಿಣದ ಪಟ್ಟಿಗಳನ್ನು ರಿವೆಟ್ ಮಾಡಿದ ಉಡುಪು ಬಂದಿತು. ಶತಮಾನ ಸಾಗಿದಂತೆ ಆ ಪಟ್ಟಿಗಳು ಕಡಿಮೆಯಾಗುತ್ತಾ, ದೊಡ್ಡದಾಗುತ್ತಾ ಹೋದುವು. ಕೊನೆಗೆ ಅವು ಬಟ್ಟೆಯ ಮರೆಯಿಂದ ಹೊರಬಂದುವು.

ಆ ಹೊರಬರುವ ಗಳಿಗೆಯನ್ನು ಕಣ್ಣಾರೆ ನೋಡಬಹುದಾದ ಒಂದು ವಸ್ತು ಇಂದಿಗೂ ಉಳಿದಿದೆ. ಇಟಲಿಯ ಉತ್ತರದ ಗಡಿಯಲ್ಲಿ, ದಕ್ಷಿಣ ಟಿರೋಲಿನ ಸ್ಲುದೆರ್ನೊ ಎಂಬ ಊರಿನ ಮೇಲಿರುವ ಖುರ್ಬುರ್ಗ್ ಕೋಟೆಯ ಆಯುಧಶಾಲೆಯಲ್ಲಿ 14ನೆಯ ಶತಮಾನದ ಕೊನೆಯ ಹೊತ್ತಿನ ಕವಚವೊಂದಿದೆ. ಅದರ ಎದೆಗವಚ ಒಂಬತ್ತು ತುಂಡುಗಳದ್ದು: ನಡುವೆ ಉಬ್ಬಿದ ಒಂದು ದೊಡ್ಡ ಫಲಕ, ಎರಡೂ ಪಕ್ಕಗಳಲ್ಲಿ ನಾಲ್ಕು ನಾಲ್ಕು ಕಿರಿದಾದವು. ಬಟ್ಟೆಯ ಹೊದಿಕೆ ಹೋಗಿದೆ, ಆದರೆ ಒಂದೇ ತುಂಡಿನ ಎದೆ ಇನ್ನೂ ಬಂದಿಲ್ಲ. ಅಂಚುಗಳಲ್ಲಿ ಹಿತ್ತಾಳೆಯ ಪಟ್ಟಿಯಿದ್ದು, ಅದರ ಮೇಲೆ ಲೂಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯದ ಮೂವತ್ತನೆಯ ವಾಕ್ಯ ಲ್ಯಾಟಿನ್ ಭಾಷೆಯಲ್ಲಿ ಕೊರೆದಿದೆ: ಯೇಸು ಅವರ ನಡುವೆಯೇ ಹಾದು ಹೊರಟುಹೋದನು ಎಂಬುದು ಅದರ ತಾತ್ಪರ್ಯ. ಕೊಲ್ಲಬಂದವರ ಗುಂಪಿನೊಳಗಿಂದ ಯೇಸು ಪಾರಾದ ಪ್ರಸಂಗದ ವಾಕ್ಯವಿದು. ಶತ್ರುಗಳ ನಡುವೆ ನುಗ್ಗಿ ಹೊರಬರಬೇಕಾದ ಸವಾರನ ಎದೆಗೆ ಇದಕ್ಕಿಂತ ತಕ್ಕ ಮಾತನ್ನು ಆರಿಸಲು ಆಗುತ್ತಿರಲಿಲ್ಲ. ಎದೆಯ ಮೇಲ್ಭಾಗದಲ್ಲಿ ಏಣಿನಂತೆ ಎದ್ದ ಪಟ್ಟಿಯೊಂದಿದೆ. ಎದೆಗೆ ತಾಗಿ ಜಾರಿದ ಭರ್ಜಿಯ ಮೊನೆ ಗಂಟಲಿಗೆ ಏರದಂತೆ ತಡೆಯಲು ಅದನ್ನು ಇಟ್ಟಿದ್ದಾರೆ.

1420ರ ಹೊತ್ತಿಗೆ ಮಿಲಾನಿನ ಶೈಲಿ ತನ್ನ ಪೂರ್ಣ ರೂಪಕ್ಕೆ ಬಂದಿತ್ತು. ಅದರ ಅತ್ಯಂತ ಸಮಗ್ರ ಮಾದರಿಯೊಂದು 1440ರ ಸುಮಾರಿನದು, ಕೊರಿಯೊ ಮನೆತನದ ಕಮ್ಮಾರರು ಮಾಡಿದ್ದು. ಅದೂ ಮೊದಲು ಖುರ್ಬುರ್ಗಿನಲ್ಲೇ ಇದ್ದು, ಈಗ ಗ್ಲಾಸ್ಗೋ ನಗರದ ಸಂಗ್ರಹದಲ್ಲಿದೆ. ಮುಂದಕ್ಕೆ ಎಂಬ ಅರ್ಥದ ಅವಾಂತ್ ಎಂಬ ಪದ ಅದರ ಮೇಲೆ ಮತ್ತೆಮತ್ತೆ ಕೊರೆದಿರುವುದರಿಂದ ಅದೇ ಅದರ ಹೆಸರಾಗಿದೆ. ಇಂಥ ಕವಚದಲ್ಲಿ ಎದೆಗವಚ ಎರಡು ಭಾಗ: ಮೇಲೆ ಎದೆಯ ಫಲಕ, ಕೆಳಗಿಂದ ಹೊಟ್ಟೆಯ ಮೇಲೆ ಮೊನಚಾಗಿ ಏರಿಬರುವ ಇನ್ನೊಂದು ಫಲಕ, ಎರಡನ್ನೂ ಬಂಧಿಸುವ ಚರ್ಮದ ಪಟ್ಟಿ ಮತ್ತು ಬಕಲ್ಲು. ಹೀಗಾಗಿ ಸವಾರ ನಡುಬಗ್ಗಿಸಬಲ್ಲ, ಮತ್ತು ಎರಡು ಫಲಕ ಒಂದರ ಮೇಲೊಂದು ಬರುವ ಜಾಗದಲ್ಲಿ ಉಕ್ಕು ಇಮ್ಮಡಿ ದಪ್ಪವಾಗುತ್ತದೆ. ಸೊಂಟದಿಂದ ಕೆಳಗೆ ಅಡ್ಡಪಟ್ಟಿಗಳ ಲಂಗದಂಥ ಭಾಗ, ಅದರಿಂದ ತೊಡೆಯ ಮೇಲೆ ಇಳಿಬಿದ್ದ ಫಲಕಗಳು, ಕಾಲಿಗೆ ಮುಂದೂ ಹಿಂದೂ ಮುಚ್ಚುವ ರಕ್ಷೆ, ಕೈಗೆ ಬೆರಳುಗಳನ್ನು ಒಟ್ಟಾಗಿ ಮುಚ್ಚುವ ಗವಸು. ಪಾದಕ್ಕೆ ಮಾತ್ರ ಇಟಲಿಯವರು ಬಹುಕಾಲ ಸರಪಳಿ ಜಾಲವನ್ನೇ ಉಳಿಸಿಕೊಂಡರು. ರಿಕಾಪಿನಲ್ಲಿ ಕಾಲಿಡುವವನಿಗೆ ಅದು ಹಗುರ, ಸುಲಭ.

ತಲೆಗೆ ಆರ್ಮೆಟ್ ಎಂಬ ಶಿರಸ್ತ್ರಾಣ ಬಂದದ್ದು ನನ್ನ ದೃಷ್ಟಿಯಲ್ಲಿ ಆ ಕಾಲದ ಅತ್ಯಂತ ಜಾಣ ಆವಿಷ್ಕಾರ. ಹಿಂದಿನ ದೊಡ್ಡ ಶಿರಸ್ತ್ರಾಣಗಳನ್ನು ಮೇಲಿನಿಂದ ಹಾಕಿಕೊಳ್ಳಬೇಕಾದ್ದರಿಂದ ಅವುಗಳ ಬಾಯಿ ತಲೆಯಷ್ಟೇ ಅಗಲವಿರಬೇಕಾಗಿತ್ತು, ಕತ್ತಿನ ಸುತ್ತ ಉಳಿದ ಜಾಗವನ್ನು ಸರಪಳಿ ಜಾಲದಿಂದ ಮುಚ್ಚಬೇಕಾಗಿತ್ತು. ಆರ್ಮೆಟ್‌ನಲ್ಲಿ ಎರಡು ಕೆನ್ನೆಯ ಫಲಕಗಳು ಕೀಲುಗಳ ಮೇಲೆ ಬಾಗಿಲಿನಂತೆ ತೆರೆದು, ತಲೆ ಒಳಹೋದ ಮೇಲೆ ಗಲ್ಲದ ಬಳಿ ಮುಚ್ಚಿಕೊಳ್ಳುತ್ತವೆ. ಆದ್ದರಿಂದ ಉಕ್ಕು ತಲೆಯ ಆಕಾರಕ್ಕೇ ಬಿಗಿಯಾಗಿ ಕೂರುತ್ತದೆ. ಶಿರಸ್ತ್ರಾಣ ಚಿಕ್ಕದಾಗುತ್ತದೆ, ತೂಕ ಇಳಿಯುತ್ತದೆ. ಕುತ್ತಿಗೆಯ ಹಿಂದೆ ಸಣ್ಣ ಕಡ್ಡಿಯ ಮೇಲೆ ನಿಂತ ಗುಂಡು ಬಿಲ್ಲೆಯೊಂದು ಇರುತ್ತದೆ, ಮುಖದ ಮುಂದೆ ಕಟ್ಟುವ ಹೆಚ್ಚುವರಿ ಫಲಕದ ಪಟ್ಟಿಯನ್ನು ಅದು ಕಾಯುತ್ತಿತ್ತೆಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಕಾಲಾಳುಗಳು ಮತ್ತು ಹಗುರ ಸವಾರರು ಇದನ್ನು ಬಿಟ್ಟು, ಮುಖದ ಬಳಿ ಕಿರಿದಾದ ತೆರಪುಳ್ಳ ಬಾರ್ಬೂಟಾ ಅಥವಾ ಚೆಲಾತಾ ಶಿರಸ್ತ್ರಾಣಗಳನ್ನು ತೊಡುತ್ತಿದ್ದರು.

ಇನ್ನು ಮಿಲಾನಿನ ಪ್ರಶ್ನೆ. ನಗರದ ಉತ್ತರಕ್ಕೂ ಪೂರ್ವಕ್ಕೂ ಇರುವ ಆಲ್ಪ್ಸ್ ತಪ್ಪಲಿನ ಕಣಿವೆಗಳಲ್ಲಿ, ಅಂದರೆ ವಾಲ್ಸಾಸ್ಸಿನಾ, ವಾಲ್ ಕಾಮೋನಿಕಾ, ವಾಲ್ ತ್ರೋಂಪಿಯಾಗಳಲ್ಲಿ, ಒಳ್ಳೆಯ ಕಬ್ಬಿಣದ ಅದಿರು, ಇದ್ದಿಲಿಗೆ ಬೇಕಾದ ಕಾಡು, ಸುತ್ತಿಗೆ ಮತ್ತು ತಿದಿಗಳನ್ನು ನಡೆಸಲು ಹರಿವ ನೀರು ಮೂರೂ ಇದ್ದವು. 1288ರಲ್ಲಿ ತನ್ನ ನಗರವನ್ನು ಹೊಗಳಿ ಬರೆದ ಬೊನ್‌ವೆಸಿನ್ ದ ಲಾ ರಿವಾ ಎಂಬ ಮಿಲಾನಿಗನು ಸರಪಳಿ ಅಂಗಿ ಮಾಡುವವರೇ ನೂರಕ್ಕಿಂತ ಹೆಚ್ಚು ಮಂದಿ ಅಲ್ಲಿರುವರೆಂದು ಹೇಳುತ್ತಾನೆ. ಹೀಗೆ ಕಸುಬು ಮೊದಲೇ ಇತ್ತು. ಆದರೆ ಅದಿರೂ ಕಸುಬೂ ಇದ್ದ ಊರುಗಳು ಯುರೋಪಿನಲ್ಲಿ ಬೇರೆಯೂ ಇದ್ದವು. ಮಿಲಾನಿಗೆ ಮೇಲ್ಗೈ ತಂದುಕೊಟ್ಟದ್ದು ಬೇಡಿಕೆಯ ಬಗೆ ಮತ್ತು ಅದಕ್ಕೆ ತಕ್ಕಂತೆ ಕೆಲಸವನ್ನು ಹಂಚಿಕೊಂಡ ಕ್ರಮ ಎಂದು ನಾನು ನಂಬುತ್ತೇನೆ.

ಇಟಲಿಯ ನಗರರಾಜ್ಯಗಳು ತಮ್ಮ ಯುದ್ಧಗಳನ್ನು ಕೊಂದೊತ್ತಿಯೇರಿ ಎಂಬ ಗುತ್ತಿಗೆ ಸೇನಾನಿಗಳ ಮೂಲಕ ನಡೆಸುತ್ತಿದ್ದವು. ಒಪ್ಪಂದಪತ್ರದಲ್ಲಿ ಇಷ್ಟು ಸವಾರರನ್ನು ತರಬೇಕೆಂದು ಗೊತ್ತುಮಾಡಿ, ತಪಾಸಣೆ ನಡೆಸಿ ಸಂಬಳ ಕೊಡುತ್ತಿದ್ದರು. ಹೀಗೆ ಒಂದೇ ಬಗೆಯ ಸಜ್ಜಿನ ಸಾವಿರಾರು ಭಾರಿ ಸವಾರರ ಬೇಡಿಕೆ ವರ್ಷವರ್ಷವೂ ಇರುತ್ತಿತ್ತು. ಅದನ್ನು ಪೂರೈಸಲು ಮಿಲಾನಿನಲ್ಲಿ ಒಬ್ಬನು ಶಿರಸ್ತ್ರಾಣ ಮಾತ್ರ, ಇನ್ನೊಬ್ಬನು ಕೈ ಮಾತ್ರ, ಮತ್ತೊಬ್ಬನು ಕಾಲು ಮಾತ್ರ ಮಾಡುವಂಥ ಏರ್ಪಾಡು ಬೆಳೆಯಿತು; ಬಡಿಯುವವನು ಬೇರೆ, ಉಜ್ಜಿ ಹೊಳಪು ಕೊಡುವವನು ಬೇರೆ, ಪಟ್ಟಿ ಜೋಡಿಸುವವನು ಬೇರೆ. ದೊಡ್ಡ ಮನೆತನಗಳು ಇವರಿಗೆಲ್ಲ ಕೆಲಸ ವಹಿಸಿ, ತುಂಡುಗಳನ್ನು ಕೂಡಿಸಿ ಮಾರುತ್ತಿದ್ದವು. ಒಂದೇ ಕವಚದ ಬೇರೆಬೇರೆ ಭಾಗಗಳ ಮೇಲೆ ಬೇರೆಬೇರೆ ಕುಶಲಕರ್ಮಿಗಳ ಮುದ್ರೆ ಕಾಣುವುದು ಈ ಕಾರಣಕ್ಕೆ. ಇವರಲ್ಲಿ ಮಿಸ್ಸಾಲ್ಯ ಮನೆತನ ಎಲ್ಲರಿಗಿಂತ ಮೇಲಿತ್ತು. ತೊಮ್ಮಾಸೊ ಮಿಸ್ಸಾಲ್ಯನಿಗೆ ಮಿಲಾನಿನ ಡ್ಯೂಕ್ ಫಿಲಿಪ್ಪೊ ಮರಿಯಾ ವಿಸ್ಕೊಂತಿ 1435ರಲ್ಲಿ ನೈಟ್ ಪದವಿ ಕೊಟ್ಟನು. 1450ರಲ್ಲಿ ಅವನಿಗೆ ತೆರಿಗೆಯ ವಿನಾಯಿತಿಯೂ ದೊರೆಯಿತು. ಕುಲುಮೆಯ ಮುಂದೆ ದುಡಿಯುವ ಕಸುಬಿನವರ ಮನೆತನ ಅಷ್ಟು ಎತ್ತರಕ್ಕೆ ಏರಿತೆಂಬುದು ಆ ಉದ್ಯಮದ ತೂಕವನ್ನು ಹೇಳುತ್ತದೆ.

1427ರ ಅಕ್ಟೋಬರಿನಲ್ಲಿ ಮಾಕ್ಲೋದಿಯೊ ಎಂಬಲ್ಲಿ ವೆನಿಸ್ಸಿನ ಪರ ಹೋರಾಡಿದ ಸೇನಾನಿ ಕಾರ್ಮಾನ್ಯೋಲಾ ಮಿಲಾನಿನ ಸೈನ್ಯವನ್ನು ಸೋಲಿಸಿ, ಸಾವಿರಾರು ಮಂದಿಯನ್ನು ಸೆರೆಹಿಡಿದು, ಬಳಿಕ ಅವರನ್ನು ಬಿಟ್ಟುಕಳಿಸಿದನು. ಆಗ ಮಿಲಾನಿನ ಇಬ್ಬರು ಕವಚ ವ್ಯಾಪಾರಿಗಳೇ ಕೆಲವೇ ದಿನಗಳಲ್ಲಿ 4,000 ಸವಾರರಿಗೂ 2,000 ಕಾಲಾಳುಗಳಿಗೂ ಸಜ್ಜು ಒದಗಿಸಿದರೆಂಬ ಹೇಳಿಕೆಯಿದೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೂ ಅಷ್ಟನ್ನು ಆಗಿಂದಾಗಲೇ ತಯಾರಿಸಲು ಯಾರಿಂದಲೂ ಆಗದು; ಗೋದಾಮಿನಲ್ಲಿ ಸಿದ್ಧ ಸರಕು ರಾಶಿಬಿದ್ದಿದ್ದರೆ ಮಾತ್ರ ಅಂಥ ಮಾತು ಹುಟ್ಟೀತು. ಪ್ರಾತೊ ಊರಿನ ವರ್ತಕ ಫ್ರಾಂಚೆಸ್ಕೊ ದಾತೀನಿ 14ನೆಯ ಶತಮಾನದ ನಡುವಿನಿಂದಲೇ ದಕ್ಷಿಣ ಫ್ರಾನ್ಸಿನ ಆವಿನ್ಯೋನಿನಲ್ಲಿ ಕುಳಿತು ಮಿಲಾನಿನ ಆಯುಧ, ಕವಚಗಳನ್ನು ಮಾರಿ ಸಂಪತ್ತು ಗಳಿಸಿದನು. ಅವನ ಪತ್ರಗಳು, ಲೆಕ್ಕಪುಸ್ತಕಗಳು ಇಂದಿಗೂ ಪ್ರಾತೊದಲ್ಲಿವೆ. ಅರಸರಿಗೆ ಅಳತೆ ತೆಗೆದು ಮಾಡುವ ಕೆಲಸ ಇದರ ಜೊತೆಜೊತೆಗೇ ನಡೆಯುತ್ತಿತ್ತು. 1398ರಲ್ಲಿ ಇಂಗ್ಲೆಂಡಿನ ಹೆನ್ರಿ, ಮುಂದೆ ನಾಲ್ಕನೆಯ ಹೆನ್ರಿಯಾದವನು, ದ್ವಂದ್ವಯುದ್ಧಕ್ಕೆ ಸಿದ್ಧವಾಗುವಾಗ ಮಿಲಾನಿಗೆ ಹೇಳಿಕಳಿಸಿದನೆಂದೂ, ಅಲ್ಲಿನ ಡ್ಯೂಕನು ಕವಚದ ಜೊತೆಗೆ ನಾಲ್ವರು ಕುಶಲಕರ್ಮಿಗಳನ್ನೂ ಕಳಿಸಿದನೆಂದೂ ಆ ಕಾಲದ ವೃತ್ತಾಂತಕಾರ ಫ್ರುವಾಸ್ಸಾರ್ ಬರೆದಿದ್ದಾನೆ. ಪರದೇಶದ ರುಚಿಗೆ ತಕ್ಕಂತೆ ಫ್ರೆಂಚ್ ಮಾದರಿ, ಜರ್ಮನ್ ಮಾದರಿ ಎಂದು ಬೇರೆಯಾಗಿಯೇ ಮಾಡಿ ರಫ್ತು ಮಾಡುವುದೂ ರೂಢಿಯಲ್ಲಿತ್ತು.

ಲೋಹದ ವಿಷಯಕ್ಕೆ ಹೆಚ್ಚು ಗಮನ ಕೊಡಬೇಕು, ಏಕೆಂದರೆ ಕವಚದ ಗುಣ ನಿರ್ಧಾರವಾಗುವುದು ಅಲ್ಲಿ. ಉಳಿದಿರುವ ಕವಚಗಳ ಅತಿಸಣ್ಣ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಲೋಹಶಾಸ್ತ್ರಜ್ಞರು, 15ನೆಯ ಶತಮಾನದ ಮಿಲಾನಿನ ಒಳ್ಳೆಯ ಕವಚಗಳು ಮೆದು ಕಬ್ಬಿಣದವಲ್ಲ, ಇಂಗಾಲ ಬೆರೆತ ಉಕ್ಕಿನವು ಎಂದು ತೋರಿಸಿದ್ದಾರೆ. ಹಲವನ್ನು ಕೆಂಪಗೆ ಕಾಯಿಸಿ, ತೀರ ವೇಗವಾಗಿಯೂ ಅಲ್ಲದೆ ತೀರ ನಿಧಾನವಾಗಿಯೂ ಅಲ್ಲದೆ ತಣಿಸಿ ಗಡುಸುಗೊಳಿಸಿದ್ದಾರೆ. ಥಟ್ಟನೆ ನೀರಿಗೆ ಅದ್ದಿದರೆ ಉಕ್ಕು ಬಹಳ ಗಡುಸಾದರೂ ಗಾಜಿನಂತೆ ಸಿಡಿಯುವ ಅಪಾಯವಿದೆ, ತೆಳುಫಲಕ ಸೊಟ್ಟಗಾಗುವ ಅಪಾಯವೂ ಇದೆ. ಇಟಲಿಯವರು ಆರಿಸಿಕೊಂಡದ್ದು ಒಂದೇ ಹೆಜ್ಜೆಯ ನಡುದಾರಿ. ಇನ್ಸ್‌ಬ್ರುಕ್ಕಿನಂಥ ಕಡೆಗಳ ಜರ್ಮನ್ ಕುಶಲಕರ್ಮಿಗಳು ಮೊದಲು ಪೂರ್ತಿ ಗಡುಸುಗೊಳಿಸಿ, ಬಳಿಕ ಮತ್ತೆ ಹದವಾಗಿ ಕಾಯಿಸಿ ಬಿರುಸನ್ನು ಇಳಿಸುವ ಎರಡು ಹೆಜ್ಜೆಯ ಕ್ರಮದಲ್ಲಿ ಪಳಗಿದರು. ದಪ್ಪವೂ ಎಲ್ಲೆಡೆ ಒಂದೇ ಇರುತ್ತಿರಲಿಲ್ಲ. ಎದೆಯ ನಡುವೆ ಸುಮಾರು 2ರಿಂದ 3 ಮಿಲಿಮೀಟರ್ ಇರುವ ಉಕ್ಕು ಪಕ್ಕಗಳತ್ತ ತೆಳುವಾಗುತ್ತದೆ, ಕೈಕಾಲುಗಳಲ್ಲಿ ಒಂದು, ಒಂದೂವರೆ ಮಿಲಿಮೀಟರಿಗೆ ಇಳಿಯುತ್ತದೆ. ಅಡಿಗಲ್ಲಿನ ಮೇಲೆ ಕೈಸುತ್ತಿಗೆಯಿಂದ ಈ ಏರಿಳಿತವನ್ನು ತಂದವರ ಕೈಚಳಕವನ್ನು ಎಷ್ಟು ಮೆಚ್ಚಿದರೂ ಸಾಲದು.

ಜರ್ಮನರ ಕವಚಕ್ಕೂ ಇಟಲಿಯ ಕವಚಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಮೇಲ್ಮೈಯದು. ಜರ್ಮನ್ ಕುಶಲಕರ್ಮಿಗಳು 15ನೆಯ ಶತಮಾನದ ಉತ್ತರಾರ್ಧದಲ್ಲಿ ಫಲಕಗಳ ಮೇಲೆ ಬೀಸಣಿಗೆಯ ಮಡಿಕೆಗಳಂಥ ಏಣುಗಳನ್ನು ಎಬ್ಬಿಸಿ ತೆಳು ಉಕ್ಕಿಗೆ ಬಿಗಿತ ತಂದರು. ಇಟಲಿಯವರದು ನಯವಾದ, ದುಂಡನೆಯ, ದೊಡ್ಡ ದೊಡ್ಡ ಮೈಗಳು. ಮೊನೆ ಎಲ್ಲಿ ತಾಗಿದರೂ ಕಚ್ಚಿಕೊಳ್ಳಲು ಆಸರೆ ಸಿಗದೆ ಜಾರಿಹೋಗಬೇಕೆಂಬುದು ಅವರ ಲೆಕ್ಕ. ಎರಡೂ ಪರಿಹಾರಗಳು ಸರಿಯೇ. ಭರ್ಜಿಯ ಒಂದೇ ಒಂದು ಭಾರಿ ಪೆಟ್ಟಿಗೆ ಮೈಯೊಡ್ಡುವ ಸವಾರನಿಗಾದರೆ ನಯವಾದ ಮೈಯೇ ಲೇಸೆಂದು ನನಗೆ ತೋರುತ್ತದೆ.

ಬಿದ್ದವನು ಏಳಲಾರನೆಂಬ ಮಾತು ಸುಳ್ಳು. ಯುದ್ಧದ ಪೂರ್ಣ ಕವಚದ ತೂಕ ಸಾಮಾನ್ಯವಾಗಿ 20ರಿಂದ 27 ಕಿಲೋಗ್ರಾಂ. ಆ ತೂಕವೂ ಒಂದೇ ಕಡೆ ಜೋತುಬೀಳುವುದಿಲ್ಲ: ಒಳಗೆ ತೊಡುವ ದಪ್ಪ ಹೊಲಿಗೆಯ ಅಂಗಿಗೆ ಲಾಡಿಗಳಿಂದ ಕೈಕಾಲುಗಳ ಭಾಗಗಳನ್ನು ಕಟ್ಟುವುದರಿಂದ ಭಾರ ಮೈತುಂಬ ಹಂಚಿಹೋಗುತ್ತದೆ. ಓಡುವುದು, ಮೆಟ್ಟಿಲು ಹತ್ತುವುದು, ನೆಲದಿಂದ ಏಳುವುದು, ನೆರವಿಲ್ಲದೆ ಕುದುರೆ ಏರುವುದು ಎಲ್ಲವೂ ಸಾಧ್ಯ. ಆದರೆ ಅದಕ್ಕೆ ಬೆಲೆ ತೆರಬೇಕು. 2011ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು, ಕವಚ ತೊಟ್ಟು ಅಭ್ಯಾಸವಿದ್ದವರನ್ನು 30ರಿಂದ 50 ಕಿಲೋಗ್ರಾಂ ತೂಕದ ಪ್ರತಿಕೃತಿಗಳಲ್ಲಿ ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡಿದಾಗ, ನಡಿಗೆಗೆ ತಗಲುವ ಶಕ್ತಿ ಎರಡರಷ್ಟಕ್ಕಿಂತ ಹೆಚ್ಚಾಯಿತು. ಕಾಲಿಗೆ ಕಟ್ಟಿದ ಲೋಹವನ್ನು ಪ್ರತಿ ಹೆಜ್ಜೆಗೂ ಎತ್ತಿ ಬೀಸಬೇಕಾದದ್ದೂ, ಎದೆ ಬಿಗಿದಿರುವುದರಿಂದ ಉಸಿರು ಆಳವಾಗದೆ ಮೇಲುಮೇಲಾಗುವುದೂ ಆಯಾಸಕ್ಕೆ ಕಾರಣ. ಕುದುರೆಯ ಮೇಲೆ ಕುಳಿತವನಿಗೆ ಈ ಕಷ್ಟ ಬಹಳ ಕಡಿಮೆ, ಮತ್ತು ಇಟಲಿಯ ಕವಚವನ್ನು ಮುಖ್ಯವಾಗಿ ಅವನಿಗೇ ಮಾಡಿದ್ದು.

ರಕ್ಷಣೆ ಎಷ್ಟು ಪರಿಣಾಮಕಾರಿಯಾಗಿತ್ತೆಂಬುದಕ್ಕೆ ಎರಡು ಸಾಕ್ಷಿಗಳನ್ನು ಜೊತೆಯಾಗಿ ಓದಬೇಕು. ಗುತ್ತಿಗೆ ಸೈನಿಕರನ್ನು ಹೀನಾಯವಾಗಿ ಕಂಡ ಫ್ಲಾರೆನ್ಸಿನ ಲೇಖಕ ಮ್ಯಾಕಿಯವೆಲ್ಲಿ, 1440ರ ಅಂಗಿಯಾರಿ ಯುದ್ಧದಲ್ಲಿ ಸತ್ತವನು ಒಬ್ಬನೇ, ಅವನೂ ಕುದುರೆಯಿಂದ ಬಿದ್ದು ತುಳಿತಕ್ಕೆ ಸಿಕ್ಕಿ ಸತ್ತನು ಎಂದು ಬರೆದನು. ಆ ಯುದ್ಧದ ಕಾಲದಲ್ಲೇ ಬದುಕಿದ್ದ ಇತಿಹಾಸಕಾರ ಫ್ಲಾವಿಯೊ ಬಿಯೊಂದೊ ಸತ್ತವರ ಸಂಖ್ಯೆಯನ್ನು ಅದಕ್ಕಿಂತ ಬಹಳ ಹೆಚ್ಚಾಗಿ ಹೇಳುತ್ತಾನೆ; ಮ್ಯಾಕಿಯವೆಲ್ಲಿಯ ಮಾತನ್ನು ವಾದಕ್ಕಾಗಿ ಬಿಗಿದ ಮಾತೆಂದೇ ತಿಳಿಯಬೇಕು. ಇನ್ನೊಂದು ಸಾಕ್ಷಿ 1495ರ ಫೋರ್ನೋವೊ ಯುದ್ಧವನ್ನು ಕಂಡ ಫ್ರೆಂಚ್ ರಾಜತಂತ್ರಜ್ಞ ಫಿಲಿಪ್ ದ ಕಾಮಿನ್‌ನದು. ಕೆಳಗೆ ಬಿದ್ದ ಇಟಾಲಿಯನ್ ಸವಾರರನ್ನು ಫ್ರೆಂಚರ ಸೇವಕರು ಸುತ್ತುಗಟ್ಟಿ, ಸೌದೆ ಕಡಿಯುವ ಕೊಡಲಿಗಳಿಂದ ಅವರ ಶಿರಸ್ತ್ರಾಣದ ಮುಖಮುಚ್ಚಳ ಒಡೆದು ಕೊಲ್ಲಬೇಕಾಯಿತೆಂದೂ, ಅಷ್ಟು ಬಲವಾಗಿ ಅವರು ಕವಚಧಾರಿಗಳಾಗಿದ್ದರೆಂದೂ ಅವನು ಹೇಳುತ್ತಾನೆ. ಕವಚ ತೊಟ್ಟವನೂ ಸಾಯುತ್ತಿದ್ದನು, ಆದರೆ ಅವನನ್ನು ಕೊಲ್ಲುವುದಕ್ಕೆ ಹಲವರು ಸೇರಬೇಕಾಗುತ್ತಿತ್ತು.

ಅದೇ 1495ರಲ್ಲಿ ಜರ್ಮನರ ದೊರೆ ಮ್ಯಾಕ್ಸಿಮಿಲಿಯನ್ ಮಿಲಾನಿನ ಮೆರಾತೆ ಸಹೋದರರನ್ನು ಬರ್ಗಂಡಿಯ ಆರ್ಬ್ವಾ ಎಂಬ ಊರಿಗೆ ಒಪ್ಪಂದದ ಮೇಲೆ ಕರೆಸಿ ಕವಚಶಾಲೆ ತೆರೆಸಿದನು. ಇಂಗ್ಲೆಂಡಿನ ಎಂಟನೆಯ ಹೆನ್ರಿ 1511ರಲ್ಲಿ ಮಿಲಾನಿನವರನ್ನು ಕರೆಸಿಕೊಂಡನು, ಆದರೆ 1515ರ ಹೊತ್ತಿಗೆ ಜರ್ಮನ್ ಪ್ರದೇಶದ ಕುಶಲಕರ್ಮಿಗಳನ್ನು ತರಿಸಿ ತನ್ನ ಶಾಲೆಯನ್ನು ಅವರ ಕೈಗೆ ಕೊಟ್ಟನು. ಆ ವೇಳೆಗೆ ಮಿಲಾನ್ ಬೇರೆ ದಾರಿ ಹಿಡಿಯತೊಡಗಿತ್ತು. ಚಿನ್ನದ ಮೆರುಗಿನ ಕವಚಕ್ಕೆ ಬೇಡಿಕೆ ಹೆಚ್ಚಿತು; ಪಾದರಸದಲ್ಲಿ ಕರಗಿಸಿದ ಚಿನ್ನವನ್ನು ಸವರಿ, ಪಾದರಸ ಆವಿಯಾಗುವಂತೆ ಕಾಯಿಸಿದರೆ ಮೊದಲು ಕೊಟ್ಟ ಗಡುಸುತನ ಇಳಿದುಹೋಗುತ್ತದೆ. 16ನೆಯ ಶತಮಾನದ ಮೊದಲ ದಶಕಗಳಲ್ಲಿ ಮಿಲಾನಿನವರು ಗಡುಸುಗೊಳಿಸುವುದನ್ನೇ ಬಹುಮಟ್ಟಿಗೆ ಕೈಬಿಟ್ಟರೆಂದು ಲೋಹಪರೀಕ್ಷೆಗಳಿಂದ ತಿಳಿದುಬಂದಿದೆ. ಫಿಲಿಪ್ಪೊ ನೆಗ್ರೋಲಿಯಂಥವರು ಉಕ್ಕಿನಲ್ಲಿ ಎಲೆ, ಮುಖ, ಕೂದಲುಗಳನ್ನು ಉಬ್ಬಿಸಿ ಮೆರವಣಿಗೆಯ ಅದ್ಭುತ ಶಿರಸ್ತ್ರಾಣಗಳನ್ನು ಮಾಡಿದರು. ಅವು ಶಿಲ್ಪವಾಗಿ ಶ್ರೇಷ್ಠ; ಭರ್ಜಿಯ ಮೊನೆಗೆ ಆಸರೆ ಕೊಡುವ ಉಬ್ಬುತಗ್ಗುಗಳಿಂದ ತುಂಬಿದ ಅವನ್ನು ಯುದ್ಧಕ್ಕೆ ಮಾಡಿದ್ದಲ್ಲ.

ತಾವು ಚಿತ್ರಗಳ ಮೂಲಕ ಈ ವಿಷಯಕ್ಕೆ ಬಂದವರಾದ್ದರಿಂದ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಚಿತ್ರಕಾರನು ಕಂಡದ್ದು, ಕಲ್ಪಿಸಿದ್ದು ಎರಡನ್ನೂ ಬೆರೆಸುತ್ತಾನೆ. ಸಾನ್ ರೊಮಾನೊ ಯುದ್ಧವನ್ನು ಚಿತ್ರಿಸಿದ ಪಾವೊಲೊ ಉಚೆಲ್ಲೊ ಕವಚಗಳಿಗೆ ಬೆಳ್ಳಿಯ ರೇಕನ್ನು ಬಳಸಿದ್ದರಿಂದ, ಅದು ಕಪ್ಪಾಗಿ ಇಂದು ಅವು ಮಂಕಾಗಿ ಕಾಣುತ್ತವೆ. ಆ ಕಾಲದ ಉಕ್ಕು ಕನ್ನಡಿಯಂತೆ ಉಜ್ಜಿದ್ದಾಗಿತ್ತು. ಛಾಯಾಚಿತ್ರದಲ್ಲಿ ರೆಸ್ತಾ ಎಡಗಡೆಯ ಎದೆಯ ಮೇಲೆ ಕಂಡರೆ ಚಿತ್ರವನ್ನು ತಿರುವಿ ಅಚ್ಚು ಹಾಕಿದ್ದಾರೆಂದೇ ತಿಳಿಯಬಹುದು. ನಿಜವಾದ ವಸ್ತುಗಳನ್ನು ನೋಡಲು ಗ್ಲಾಸ್ಗೋ, ವಿಯೆನ್ನಾಗಳು ಒಳ್ಳೆಯವು. ವಿಯೆನ್ನಾದಲ್ಲಿ ಜರ್ಮನಿಯ ಪ್ಯಾಲಟಿನೇಟ್ ಪ್ರಾಂತದ ಫ್ರೆಡರಿಕ್‌ಗಾಗಿ 1450ರ ಸುಮಾರಿಗೆ ಮಿಸ್ಸಾಲ್ಯರ ಕಾರ್ಯಾಗಾರದಲ್ಲಿ ಮಾಡಿದ ಕವಚವಿದೆ. ಮಾಂತುವಾ ಬಳಿಯ ಸಾಂತಾ ಮರಿಯಾ ದೆಲ್ಲೆ ಗ್ರಾಟ್ಸಿಯೆ ಗುಡಿಯಲ್ಲಿ ಹರಕೆಯ ಬೊಂಬೆಗಳಿಗೆ ತೊಡಿಸಿದ್ದ ಕವಚಗಳು 15ನೆಯ ಶತಮಾನದ ನಿಜವಾದ ಉಕ್ಕೆಂದು 20ನೆಯ ಶತಮಾನದ ಮೊದಲರ್ಧದಲ್ಲಿ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಮ್ಯಾನ್ ಗುರುತಿಸಿದರು. ಈಗ ಅವು ಮಾಂತುವಾದ ಧರ್ಮಪ್ರಾಂತ್ಯದ ಸಂಗ್ರಹಾಲಯದಲ್ಲಿವೆ. ಒಂದೇ ಸ್ಥಳಕ್ಕೆ ಹೋಗಲು ಅವಕಾಶವಿದ್ದರೆ ಖುರ್ಬುರ್ಗನ್ನೇ ಆರಿಸಿಕೊಳ್ಳಿ. ಅಲ್ಲಿನ ಕವಚಗಳಲ್ಲಿ ಬಹಳಷ್ಟು ಆ ಕೋಟೆಯ ಒಡೆಯರೂ ಅವರ ಪರಿವಾರದವರೂ ತೊಟ್ಟವು, ಮತ್ತು ಅವು ಇಂದಿಗೂ ಅದೇ ಕೋಟೆಯಲ್ಲಿ ಉಳಿದಿವೆ.